ದನಿ ತಡ, ಕರಕರ, ಶ್ರುತಿ ವ್ಯತ್ಯಾಸ: ಮ್ಯಾನ್ಯುಯಲ್ ಮೇಲೆ ಗುರುತು ಹಾಕುತ್ತ ದೋಷ ಹುಡುಕುವ ಬಗೆ

ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಈಗ ಮನೆಯ ಒಂದು ಕೋಣೆಯಲ್ಲೇ ರೆಕಾರ್ಡಿಂಗ್ ಮಾಡಿಕೊಳ್ಳುವ ಹಾಡುಗಾರರು, ತಬಲಾ ನುಡಿಸುವವರು, ಭಜನಾ ಮಂಡಳಿಯವರು ಜಾಸ್ತಿಯಾಗಿದ್ದಾರೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರಿಗೆ ಮೈಕ್ ಮುಂದೆ ಕೂತು ಹಾಡುವುದು ಹೊಸದಲ್ಲ. ಆದರೆ ಅಲ್ಲಿ ಗಾಜಿನ ಆಚೆ ಒಬ್ಬ ಇಂಜಿನಿಯರ್ ಇರುತ್ತಿದ್ದರು. ಮನೆಯಲ್ಲಿ ಹಾಡುವವರೇ ಇಂಜಿನಿಯರ್ ಕೂಡ ಆಗಬೇಕು. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ (ಮೈಕ್‌ನ ದನಿಯನ್ನು ಲ್ಯಾಪ್‌ಟಾಪ್‌ಗೆ ಮುಟ್ಟಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗುತ್ತದೆ. ನಡುವೆ ಎಲ್ಲೋ ಒಂದು ಕಡೆ ನಿಂತೂಬಿಡುತ್ತದೆ.

“ಹೆಡ್‌ಫೋನ್‌ನ್ಯಾಗ ನನ್ನ ದನಿ ಹಿಂದ ಬರಾಕತ್ತೈತ್ರಿ” ಅಂತ ಒಬ್ಬರು ಹೇಳುತ್ತಾರೆ. ಪ್ಲೇ ಮಾಡಿದರೆ ಕರಕರ ಅಂತ ಇನ್ನೊಬ್ಬರು. ನಿನ್ನೆ ಹಾಡಿದ್ದು ಇವತ್ತು ಶ್ರುತಿಗೆ ಕೂರುತ್ತಿಲ್ಲ ಅಂತ ಮತ್ತೊಬ್ಬರು. ಮ್ಯಾನ್ಯುಯಲ್ ನೋಡಿದಿರಾ ಅಂತ ಕೇಳಿದರೆ, ನೋಡಿರುತ್ತಾರೆ. ಪಿಡಿಎಫ್ ತುಂಬಾ ಹಳದಿ ಗೆರೆಗಳೂ ಇರುತ್ತವೆ. ಆದರೂ ದೋಷ ಹೋಗಿರುವುದಿಲ್ಲ.

ಕಾರಣ ಬಹಳ ಸಲ ಒಂದೇ. ಮ್ಯಾನ್ಯುಯಲ್ “ಹೀಗೆ ಮಾಡಿ” ಅಂದ ಕಡೆ ನಾವು ಗೆರೆ ಎಳೆಯುತ್ತೇವೆ. ಅದೇ ಸಾಲಿನಲ್ಲಿ “ಹೀಗಿದ್ದರೆ ಮಾತ್ರ” ಅಂತ ಇರುವುದನ್ನು ಬಿಟ್ಟುಬಿಡುತ್ತೇವೆ. ಇಂಗ್ಲಿಷ್ ಮ್ಯಾನ್ಯುಯಲ್‌ನಲ್ಲಿ ಇಫ್, ಓನ್ಲಿ, ಅನ್‌ಲೆಸ್, ವೆನ್ ಅಂತ ಬರುವ ಚಿಕ್ಕ ಪದಗಳಿವೆಯಲ್ಲ, ದೋಷ ಹುಡುಕುವವರಿಗೆ ಅವೇ ಮುಖ್ಯ. ಓದುವಾಗ ಮೊದಲು ಆ ಪದಗಳಿಗೆ ಸುತ್ತು ಹಾಕಿ. ಆ ಷರತ್ತು ನಿಮ್ಮ ಕೋಣೆಗೆ ಹೊಂದುತ್ತದಾ ಅಂತ ಪಕ್ಕದಲ್ಲಿ ಬರೆಯಿರಿ. ಸೆಟ್ಟಿಂಗ್ ಮುಟ್ಟುವುದು ಆಮೇಲೆ.

ಮೊದಲು ಮ್ಯಾನ್ಯುಯಲ್ ಸರಿಯಾದದ್ದೇ ಅಂತ ನೋಡಿಕೊಳ್ಳಿ

ನಿಮಗೆ ಬೇಕಾದದ್ದು ಒಂದಲ್ಲ, ಎರಡು ಮ್ಯಾನ್ಯುಯಲ್: ರೆಕಾರ್ಡಿಂಗ್ ಸಾಫ್ಟ್‌ವೇರ್‌ನದು ಒಂದು, ಇಂಟರ್‌ಫೇಸ್‌ನದು ಒಂದು. ದನಿ ತಡವಾಗುವ ತೊಂದರೆಗೆ ಅರ್ಧ ಉತ್ತರ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇರುತ್ತದೆ. ಸಾಫ್ಟ್‌ವೇರ್‌ನ ಹೆಲ್ಪ್ ಮೆನುವಿನಲ್ಲಿ ‘ಅಬೌಟ್’ ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅದೂ ಮ್ಯಾನ್ಯುಯಲ್‌ನ ಮೊದಲ ಪುಟದ ಸಂಖ್ಯೆಯೂ ಹೊಂದಬೇಕು. ಹಳೆಯ ಮ್ಯಾನ್ಯುಯಲ್ ಇಟ್ಟುಕೊಂಡು ಹೊಸ ಸಾಫ್ಟ್‌ವೇರ್‌ನಲ್ಲಿ ಮೆನು ಹುಡುಕಿದರೆ ಇಲ್ಲದ ದೋಷ ಇದ್ದ ಹಾಗೆ ಕಾಣುತ್ತದೆ.

ರೀಪರ್ (REAPER) ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಅದರ ಯೂಸರ್ ಗೈಡ್ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತದೆ. ನಾನೂರು ಪುಟಕ್ಕೂ ಜಾಸ್ತಿ ಇದೆ. ಎಲ್ಲ ಪ್ರಿಂಟ್ ಹಾಕಿಸುವುದು ಬೇಡ. ಆಡಿಯೋ ಡಿವೈಸ್ ಸೆಟ್ಟಿಂಗ್, ರೆಕಾರ್ಡಿಂಗ್, ಪ್ಲಗಿನ್‌ಗಳ (ದನಿ ತಿದ್ದಲು ಒಳಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳ) ಬಳಕೆ, ಇಷ್ಟು ಅಧ್ಯಾಯ ಸಾಕು. ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ. ಹಾಳೆ ತೆರೆದಾಗ ಎಡಗಡೆ ಖಾಲಿ ಪುಟ ಸಿಗುತ್ತದೆ. ಟಿಪ್ಪಣಿಗೆ ಅದೇ ಜಾಗ. ಧಾರವಾಡದ ಕೆಸಿಡಿ ಸರ್ಕಲ್ ಕಡೆ ವಿದ್ಯಾರ್ಥಿಗಳು ನೋಟ್ಸ್ ಮಾಡಿಸುವ ಹಾಗೇ ಇದು. ಕೈಯಲ್ಲಿ ತಾನ್ಪುರಾ, ಎದುರಿಗೆ ಸ್ಕ್ರೀನ್ ತುಂಬಾ ಟ್ರ್ಯಾಕ್ ಇರುವಾಗ ಇನ್ನೊಂದು ವಿಂಡೋದಲ್ಲಿ ಪಿಡಿಎಫ್ ತೆರೆದು ಓದುವುದು ಯಾರಿಗೂ ಹಿತ ಅಲ್ಲ. ಪೇಪರ್ ಪಕ್ಕದಲ್ಲಿದ್ದರೆ ಕಣ್ಣು ತಿರುಗಿಸಿದರೆ ಸಾಕು.

ಪಿಡಿಎಫ್ ಮೇಲೇ ಗುರುತು ಹಾಕುವವರು ಎರಡು ವಿಷಯ ಪರೀಕ್ಷಿಸಿ. ಮೊದಲನೆಯದು, ಗುರುತು ಫೈಲ್‌ನೊಳಗೆ ಉಳಿಯುತ್ತದಾ? ಒಂದು ಸಾಲು ಹೈಲೈಟ್ ಮಾಡಿ, ಸೇವ್ ಮಾಡಿ, ಅದೇ ಫೈಲನ್ನು ಫೋನ್‌ಗೆ ಕಳಿಸಿ ತೆರೆಯಿರಿ. ಕಾಣದಿದ್ದರೆ ನಿಮ್ಮ ರೀಡರ್ ಟಿಪ್ಪಣಿಗಳನ್ನು ಬೇರೆ ಎಲ್ಲೋ ಇಡುತ್ತಿದೆ ಅಂತ ಅರ್ಥ. ವಿಂಡೋಸ್ ಹೊಸದಾಗಿ ಹಾಕಿದ ದಿನ ಅವೆಲ್ಲ ಹೋಗುತ್ತವೆ. ಎರಡನೆಯದು ಪುಟ ಸಂಖ್ಯೆ. ಹಾಳೆಯ ಮೇಲೆ ಅಚ್ಚಾದ ಸಂಖ್ಯೆ ಬೇರೆ, ರೀಡರ್ ತೋರಿಸುವ ಸಂಖ್ಯೆ ಬೇರೆ ಇರಬಹುದು, ಯಾಕಂದರೆ ಪರಿವಿಡಿಯ ಪುಟಗಳನ್ನೂ ರೀಡರ್ ಎಣಿಸುತ್ತದೆ. ಅದಕ್ಕೆ ಪುಟ ಸಂಖ್ಯೆ ಬರೆಯುವ ಬದಲು ವಿಭಾಗದ ಶೀರ್ಷಿಕೆ ಬರೆಯಿರಿ. ಮುಂದಿನ ಆವೃತ್ತಿಯಲ್ಲಿ ಪುಟ ಸರಿದರೂ ಶೀರ್ಷಿಕೆ ಸಾಮಾನ್ಯವಾಗಿ ಉಳಿಯುತ್ತದೆ.

ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಮಾಡಿ ನೋಡಿ ಖಚಿತವಾದದ್ದನ್ನು ಪೆನ್‌ನಲ್ಲಿ. ನನ್ನ ಪ್ರಕಾರ ಟಿಪ್ಪಣಿ ಹಾಕಲು ಬೇಕಾದ ಶಿಸ್ತು ಇಷ್ಟೇ. ಐದು ಬಣ್ಣದ ಹೈಲೈಟರ್ ಏನೂ ಬೇಡ.

ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಬಂದರೆ

ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಅದರ ತಡ ಸುಲಭವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ಯಾವ ಸೆಟ್ಟಿಂಗ್‌ನಿಂದಲೂ ಹಾಡಲು ಬರುವಷ್ಟು ಕಡಿಮೆಯಾಗುವುದಿಲ್ಲ. ವೈರ್ ಇರುವ ಹೆಡ್‌ಫೋನ್ ಹಾಕಿ, ಅದನ್ನು ಲ್ಯಾಪ್‌ಟಾಪ್‌ಗಲ್ಲ, ಇಂಟರ್‌ಫೇಸ್‌ಗೇ ಚುಚ್ಚಿ.

ಆಮೇಲೂ ತಡ ಇದ್ದರೆ ಬಫರ್ ನೋಡಬೇಕು. ರೀಪರ್‌ನಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ, ಅದರಲ್ಲಿ ಆಡಿಯೋ, ಅದರೊಳಗೆ ಡಿವೈಸ್. ವಿಂಡೋಸ್‌ನಲ್ಲಿ ಡ್ರೈವರ್ (ಇಂಟರ್‌ಫೇಸನ್ನು ಕಂಪ್ಯೂಟರ್‌ಗೆ ಹೊಂದಿಸುವ ಸಾಫ್ಟ್‌ವೇರ್) ‘ಏಸಿಯೋ’ (ASIO) ಇರಬೇಕು. ಅದೂ ನಿಮ್ಮ ಇಂಟರ್‌ಫೇಸ್ ಕಂಪನಿಯೇ ಕೊಟ್ಟದ್ದಾದರೆ ಒಳ್ಳೆಯದು. ಬಫರ್ ಅಂದರೆ ಕಂಪ್ಯೂಟರ್ ಒಮ್ಮೆಗೆ ಎಷ್ಟು ಸ್ಯಾಂಪಲ್ (ದನಿಯ ಒಂದೊಂದು ಚಿಕ್ಕ ಅಳತೆ) ಎತ್ತಿಕೊಂಡು ಕೆಲಸ ಮಾಡುತ್ತದೆ ಅನ್ನುವುದು. ಲೆಕ್ಕ ಸುಲಭ: ಬಫರ್‌ನ ಸಂಖ್ಯೆಯನ್ನು ಸ್ಯಾಂಪಲ್ ರೇಟ್‌ನಿಂದ, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದರಿಂದ, ಭಾಗಿಸಿ 1000ದಿಂದ ಗುಣಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. 48,000 ರೇಟ್‌ನಲ್ಲಿ ಬಫರ್ 1024 ಇದ್ದರೆ 21.3 ಮಿಲಿಸೆಕೆಂಡ್. ದನಿ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಈ ತಡ ಆಗುತ್ತದೆ. ಅಂದರೆ ಸುಮಾರು 43. ಅದರ ಮೇಲೆ ಇಂಟರ್‌ಫೇಸ್ ಮತ್ತು ಡ್ರೈವರ್ ಸ್ವಲ್ಪ ಸೇರಿಸುತ್ತವೆ. ಬಫರ್ 128 ಮಾಡಿದರೆ ಎರಡೂ ಕಡೆ ಸೇರಿ 5.3 ಮಿಲಿಸೆಕೆಂಡ್‌ಗೆ ಇಳಿಯುತ್ತದೆ.

ಇದು ಕಿವಿಗೆ ಎಷ್ಟು ಅಂತ ತಿಳಿಯಲು ಇನ್ನೊಂದು ಲೆಕ್ಕ. ಗಾಳಿಯಲ್ಲಿ ಶಬ್ದ 1 ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಎರಡು ಮೀಟರ್ ದೂರ ಕೂತ ತಬಲಾದ ಪೆಟ್ಟು ನಿಮ್ಮನ್ನು ಮುಟ್ಟಲು ಹೆಚ್ಚುಕಡಿಮೆ 6 ಮಿಲಿಸೆಕೆಂಡ್ ಬೇಕು. ಅಷ್ಟು ತಡವನ್ನು ಎಲ್ಲ ಸಂಗೀತ ಕಛೇರಿಯಲ್ಲೂ ನಾವು ಸಹಿಸಿಕೊಂಡೇ ಹಾಡುತ್ತೇವೆ. 43 ಅಂದರೆ ತಬಲಾದವರು ಸುಮಾರು ಹದಿನಾಲ್ಕೂವರೆ ಮೀಟರ್ ಆಚೆ ಕೂತ ಹಾಗೆ. ವಿಲಂಬಿತದಲ್ಲಿ ಇದು ಅಷ್ಟು ಕಾಡದೇ ಇರಬಹುದು. ಸೆಕೆಂಡಿಗೆ ಎಂಟು ಸ್ವರದ ತಾನ್ ಶುರು ಮಾಡಿದರೆ ಒಂದೊಂದು ಸ್ವರಕ್ಕೆ ಸಿಗುವುದೇ 125 ಮಿಲಿಸೆಕೆಂಡ್. ಅದರಲ್ಲಿ ಮೂರನೇ ಒಂದು ಭಾಗ ತಡವಾಗಿ ಕೇಳಿದರೆ ಯಾರಿಗಾದರೂ ಲಯ ತಪ್ಪುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಸುಮ್ನೆ “ಹಲೋ” ಅನ್ನಬೇಡಿ, ದ್ರುತ್‌ನಲ್ಲಿ ಹಾಡಿ ನೋಡಿ.

ಈಗ ಷರತ್ತಿನ ಮಾತು. ಬಫರ್ ಕಡಿಮೆ ಮಾಡಿ ಅನ್ನುವ ಸಲಹೆ ಎಲ್ಲ ಮ್ಯಾನ್ಯುಯಲ್‌ನಲ್ಲೂ ಇದೆ. ಆದರೆ ನಿಮ್ಮ ದನಿಯನ್ನು ಸಾಫ್ಟ್‌ವೇರ್ ಮೂಲಕ ಕೇಳುತ್ತಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಬಹಳ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರಿಂಗ್ ಅಂತ ಒಂದು ಸ್ವಿಚ್ ಅಥವಾ ನಾಬ್ ಇರುತ್ತದೆ. ಅದನ್ನು ಹಾಕಿದರೆ ಮೈಕ್‌ನ ದನಿ ಕಂಪ್ಯೂಟರ್‌ಗೆ ಹೋಗಿ ವಾಪಸ್ ಬರುವ ಮೊದಲೇ ನೇರ ಹೆಡ್‌ಫೋನ್‌ಗೆ ಬರುತ್ತದೆ. ಆಗ ಬಫರ್ 1024 ಇದ್ದರೂ ಅಡ್ಡಿಯಿಲ್ಲ. ಸಾಫ್ಟ್‌ವೇರ್ ಮ್ಯಾನ್ಯುಯಲ್‌ನ ಬಫರ್ ಸಾಲಿನ ಪಕ್ಕದಲ್ಲಿ “ಡೈರೆಕ್ಟ್ ಮಾನಿಟರ್ ಇದ್ದರೆ ಬೇಡ, ಇಂಟರ್‌ಫೇಸ್ ಮ್ಯಾನ್ಯುಯಲ್ ನೋಡು” ಅಂತ ಬರೆದಿಟ್ಟುಕೊಳ್ಳಿ. ಎರಡು ಪುಸ್ತಕಗಳನ್ನು ಜೋಡಿಸುವುದು ಈ ಒಂದು ಸಾಲು.

ಡೈರೆಕ್ಟ್ ಹಾಕಿದ ಮೇಲೂ ದನಿ ಎರಡೆರಡಾಗಿ, ಕೊಳವೆಯೊಳಗಿಂದ ಬಂದ ಹಾಗೆ ಕೇಳಿದರೆ, ನೇರ ದಾರಿ, ಸಾಫ್ಟ್‌ವೇರ್‌ನ ದಾರಿ ಎರಡೂ ತೆರೆದಿವೆ. ಟ್ರ್ಯಾಕ್‌ನಲ್ಲಿರುವ ರೆಕಾರ್ಡ್ ಮಾನಿಟರಿಂಗ್ ಆಫ್ ಮಾಡಿ. ಒಂದೇ ದನಿ ಉಳಿದರೆ ದೋಷ ಸಿಕ್ಕಿತು.

ಬಫರ್ 128 ಇದೆ, ಡೈರೆಕ್ಟ್ ಇಲ್ಲ, ಆದರೂ ತಡ. ಹಾಗಿದ್ದರೆ ಪ್ಲಗಿನ್‌ಗಳನ್ನು ಅನುಮಾನಿಸಿ. ಲಿನಿಯರ್ ಫೇಸ್ ಈಕ್ವಲೈಜರ್, ಮುಂದಿನ ದನಿಯನ್ನು ಮೊದಲೇ ನೋಡಿ ಕೆಲಸ ಮಾಡುವ ಲಿಮಿಟರ್, ಇವು ಸ್ವಭಾವತಃ ತಡ ಮಾಡುತ್ತವೆ. ಮಾಸ್ಟರ್ ಟ್ರ್ಯಾಕ್ ಮೇಲೆ ಒಂದಿದ್ದರೂ ಸಾಕು, ಹಾಡುವವರ ದನಿಗೆ ತಾಗುತ್ತದೆ. ರೀಪರ್‌ನ ಎಫೆಕ್ಟ್ ವಿಂಡೋದ ಕೆಳಗೆ ಆ ಸರಣಿ ಎಷ್ಟು ಸ್ಯಾಂಪಲ್ ತಡ ಮಾಡುತ್ತಿದೆ ಅಂತ ಸಂಖ್ಯೆ ಬರುತ್ತದೆ. ಅದು ಸೊನ್ನೆ ಇಲ್ಲದ ಪ್ಲಗಿನ್‌ಗಳ ಹೆಸರನ್ನು ಎಡಪುಟದಲ್ಲಿ ಪಟ್ಟಿ ಮಾಡಿ. ಹಾಡು ಮುಗಿಯುವವರೆಗೆ ಅವುಗಳನ್ನು ಆಫ್ ಇಡಿ.

ಇಲ್ಲಿಯವರೆಗೆ ಬಂದಾಗ ನಿಮ್ಮ ಟಿಪ್ಪಣಿ ಹೀಗೆ ಕಾಣಬೇಕು: “48 ಸಾವಿರ. ಬಫರ್ 1024, ದನಿ ತಡ. 128, ತಡ ಇಲ್ಲ, ರಿವರ್ಬ್ ಹಾಕಿದರೆ ಕರಕರ. 256, ಎರಡೂ ಸರಿ.” ಒಮ್ಮೆಗೆ ಒಂದೇ ಸಂಖ್ಯೆ ಬದಲಾಯಿಸಿದ್ದೀರಿ, ಬದಲಾಯಿಸುವ ಮೊದಲು ಏನಿತ್ತು ಅನ್ನುವುದೂ ಇದೆ. ಇಂಥ ಒಂದು ಸಾಲು ಹತ್ತು ಹಳದಿ ಗೆರೆಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಶ್ರುತಿ ಬದಲಾದರೆ

ಈ ದೋಷ ಹಾಡುವವರನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸುತ್ತದೆ. ತಾನು ಬೇಸೂರಾಗಿ ಹಾಡಿದೆನಾ ಅಂತ ಅನಿಸುತ್ತದೆ. ಹಾರ್ಮೋನಿಯಂ ಇದ್ದ ಮನೆಯಲ್ಲಿ ಇದನ್ನು ಪತ್ತೆ ಮಾಡುವುದು ಎಲ್ಲಕ್ಕಿಂತ ಸುಲಭ.

ರೆಕಾರ್ಡ್ ಮಾಡುವಾಗ ಬಳಸಿದ ಅದೇ ಹಾರ್ಮೋನಿಯಂ ತೆಗೆದುಕೊಳ್ಳಿ. ಅದು 440 ಹರ್ಟ್ಝ್ ಅನ್ನುವ ಸಾಮಾನ್ಯ ಶ್ರುತಿಯ ಅಳತೆಗೆ ಕೂಡಿಲ್ಲದಿದ್ದರೂ ಚಿಂತೆಯಿಲ್ಲ, ನಾವು ಹೋಲಿಸುವುದು ಅದರೊಂದಿಗೇ. ನೀವು ಹಾಡಿದ್ದು ಕಪ್ಪು 1ರಲ್ಲಿ ಅಂತ ಇಟ್ಟುಕೊಳ್ಳಿ. ಈಗ ರೆಕಾರ್ಡಿಂಗ್ ಹಾಕಿ, ಷಡ್ಜ ಎಲ್ಲಿ ಕೂರುತ್ತದೆ ಅಂತ ಹುಡುಕಿ. ಬಿಳಿ 1ಕ್ಕೆ ಇಟ್ಟರೆ ರೆಕಾರ್ಡಿಂಗ್ ಸ್ವಲ್ಪ ಕೆಳಗಿದೆ, ಅದರ ಕೆಳಗಿನ ಬಿಳಿ 7ಕ್ಕೆ ಇಟ್ಟರೆ ಸ್ವಲ್ಪ ಮೇಲಿದೆ, ಎರಡರ ನಡುವೆ ಎಲ್ಲೋ ತೂಗುತ್ತಿದೆ ಅಂತಾದರೆ, ಅದು ಸ್ಯಾಂಪಲ್ ರೇಟ್‌ನ ಗುರುತು. 48,000ದಲ್ಲಿ ರೆಕಾರ್ಡ್ ಆದದ್ದನ್ನು ಇಂಟರ್‌ಫೇಸ್ 44,100 ಅಂದುಕೊಂಡು ನುಡಿಸಿದರೆ ಶ್ರುತಿ 1.47 ಸೆಮಿಟೋನ್ ಇಳಿಯುತ್ತದೆ, ಅಂದರೆ ಸುಮಾರು ಒಂದೂವರೆ ಕೀ. ಯಾವ ಹಾರ್ಮೋನಿಯಂನಲ್ಲೂ ಒಂದೂವರೆ ಕೀ ಅನ್ನುವುದು ಇಲ್ಲ. ಅದಕ್ಕೇ ಅದು ನಡುವೆ ಸಿಕ್ಕಿಕೊಳ್ಳುತ್ತದೆ. ಅದಲುಬದಲಾಗಿದ್ದರೆ ಅಷ್ಟೇ ಮೇಲೇರುತ್ತದೆ. ಬದಲಿಗೆ ಷಡ್ಜ ಬೇರೆ ಯಾವುದಾದರೂ ಕೀಗೆ ಪಕ್ಕಾ ಕೂತರೆ, ಯಾರೋ ಪಿಚ್ ಸೆಟ್ಟಿಂಗ್ ಮುಟ್ಟಿದ್ದಾರೆ ಅಂತ ಸಂಶಯ ಪಡಬೇಕು.

ಗಡಿಯಾರದಿಂದಲೂ ಇದನ್ನು ಖಚಿತ ಮಾಡಿಕೊಳ್ಳಬಹುದು. ಸ್ಯಾಂಪಲ್ ರೇಟ್ ಹೀಗೆ ತಪ್ಪಿದಾಗ ಐದು ನಿಮಿಷದ ಬಂದಿಶ್ ಮುಗಿಯಲು ಐದು ನಿಮಿಷ 26 ಸೆಕೆಂಡ್ ಬೇಕಾಗುತ್ತದೆ. ಇಲ್ಲಿ ಸ್ಕ್ರೀನ್ ಮೇಲಿನ ಸಮಯ ನಂಬಬೇಡಿ, ಅದೂ ಅದೇ ತಪ್ಪು ಲೆಕ್ಕದಲ್ಲಿ ಓಡುತ್ತಿರಬಹುದು. ಫೋನ್‌ನ ಸ್ಟಾಪ್‌ವಾಚ್ ಹಿಡಿಯಿರಿ. ಶ್ರುತಿ, ಅವಧಿ ಎರಡೂ ಬದಲಾಗಿದ್ದರೆ ಸ್ಯಾಂಪಲ್ ರೇಟ್ ಅಥವಾ ಪ್ಲೇ ರೇಟ್. ಶ್ರುತಿ ಮಾತ್ರ ಬದಲಾಗಿದ್ದರೆ ಪಿಚ್ ಸೆಟ್ಟಿಂಗ್. ಅವಧಿ ಮಾತ್ರ ಬದಲಾಗಿದ್ದರೆ ಆಡಿಯೋವನ್ನು ಹಿಗ್ಗಿಸಲಾಗಿದೆ. ಮೂರಕ್ಕೂ ಮ್ಯಾನ್ಯುಯಲ್‌ನಲ್ಲಿ ಬೇರೆ ಬೇರೆ ಜಾಗ. ಈ ಮೂರು ವಾಕ್ಯವನ್ನು ಮೂರೂ ಜಾಗದಲ್ಲಿ ಬರೆದಿಟ್ಟರೆ ಮುಂದೆ ಎಲ್ಲಿಂದ ಶುರು ಮಾಡಿದರೂ ದಾರಿ ಸಿಗುತ್ತದೆ.

ರೀಪರ್‌ನಲ್ಲಿ ಪ್ಲೇ ರೇಟ್‌ನ ಜಾರುಪಟ್ಟಿ ಪ್ಲೇ ಬಟನ್‌ಗಳ ಸಾಲಿನಲ್ಲೇ ಇರುತ್ತದೆ. ಮೌಸ್ ತಾಗಿ 1.0 ಇದ್ದದ್ದು ಸ್ವಲ್ಪ ಸರಿದರೆ ಹಾಡು ನಿಧಾನ ಅಥವಾ ಜೋರು ಓಡುತ್ತದೆ. ಮೊದಲು ಅದನ್ನು ನೋಡಿ. ಅದು ಸರಿಯಿದ್ದರೆ ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಯಾವ ರೇಟ್ ಇದೆ, ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಯಾವುದಿದೆ ಅಂತ ಅಕ್ಕಪಕ್ಕ ಬರೆದುಕೊಳ್ಳಿ. ಬ್ರೌಸರ್‌ನಲ್ಲಿ ಯಾವುದಾದರೂ ವೀಡಿಯೋ ಓಡುತ್ತಿದ್ದರೆ ಅದು ಇಂಟರ್‌ಫೇಸನ್ನು ತನ್ನ ರೇಟ್‌ಗೆ ಎಳೆದುಕೊಂಡಿರಬಹುದು. ಬ್ರೌಸರ್ ಮುಚ್ಚಿ, ಸಾಫ್ಟ್‌ವೇರ್ ಮತ್ತೆ ತೆರೆಯಿರಿ. ರೀಪರ್‌ನ ಡಿವೈಸ್ ಪುಟದಲ್ಲಿ ಬೇಕಾದ ರೇಟನ್ನು ಕೇಳಿಕೊಳ್ಳುವ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಸಾಫ್ಟ್‌ವೇರ್ ತೆರೆದಾಗ ಆ ರೇಟ್‌ಗೇ ಕೇಳಿಕೆ ಹೋಗುತ್ತದೆ.

ಒಂದು ಎಚ್ಚರಿಕೆ. ಕಾರಣ ಗೊತ್ತಾಗುವ ಮೊದಲು ಪಿಚ್ ಬದಲಾಯಿಸುವ ಪ್ಲಗಿನ್ ಹಾಕಿ ಶ್ರುತಿ ಸರಿಮಾಡಬೇಡಿ. ಆಗ ಮೂಲ ದೋಷ ಹಾಗೇ ಉಳಿದು, ಅದರ ಮೇಲೆ ಇನ್ನೊಂದು ಕೂರುತ್ತದೆ. ಮೀಂಡ್ ಇರುವ ದನಿಯನ್ನು ಒಂದೂವರೆ ಸೆಮಿಟೋನ್ ಎಳೆದರೆ ದನಿಯ ಗುಣವೂ ಕೆಡುತ್ತದೆ.

ಕರಕರ ಅಂದರೆ

ಒಂದೇ ಪ್ರಶ್ನೆಯಿಂದ ಅರ್ಧ ದಾರಿ ಮುಗಿಯುತ್ತದೆ: ಕರಕರ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದಾ, ಬೇರೆ ಬೇರೆ ಜಾಗದಲ್ಲಿ ಬರುತ್ತದಾ? ಅದೇ ಜಾಗದಲ್ಲಾದರೆ ಅದು ಫೈಲ್‌ನೊಳಗೇ ಕೂತಿದೆ. ಅಲ್ಲಿಗೆ ಝೂಮ್ ಮಾಡಿ. ಸ್ಕ್ರೀನ್ ಮೇಲೆ ಕಾಣುವ ದನಿಯ ಅಲೆಯ ತಲೆ ಚಪ್ಪಟೆಯಾಗಿದ್ದರೆ ಗೇನ್ (ಇಂಟರ್‌ಫೇಸ್‌ನಲ್ಲಿ ಮೈಕ್‌ನ ದನಿ ಏರಿಸುವ ನಾಬ್) ಜಾಸ್ತಿ ಇತ್ತು. ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇರುವಂತೆ ಗೇನ್ ಇಳಿಸಿ ಮತ್ತೆ ಹಾಡಬೇಕು. ಅಲೆ ಒಮ್ಮೆಲೇ ತುಂಡಾಗಿ ಮತ್ತೆ ಶುರುವಾಗಿದ್ದರೆ ರೆಕಾರ್ಡಿಂಗ್ ವೇಳೆ ಕಂಪ್ಯೂಟರ್ ಹಿಂದೆ ಬಿದ್ದಿತ್ತು.

ಬೇರೆ ಬೇರೆ ಜಾಗದಲ್ಲಿ ಬಂದರೆ ನಿರಾಳವಾಗಿರಿ. ಹಾಡು ಚೆನ್ನಾಗಿದೆ, ನುಡಿಸುವಾಗ ಮಾತ್ರ ತೊಂದರೆ. ಹಾಡನ್ನು ರೆಂಡರ್ ಮಾಡಿ, ಅಂದರೆ ಎಲ್ಲ ಟ್ರ್ಯಾಕ್ ಸೇರಿಸಿ ಒಂದೇ ಫೈಲ್ ಮಾಡಿ, ಅದನ್ನು ಕೇಳಿ. ಅದು ಶುದ್ಧವಾಗಿದ್ದರೆ ಖಚಿತ. ಮಿಕ್ಸಿಂಗ್ ಮಾಡುವಾಗ ಬಫರ್ 1024ಕ್ಕೆ ಏರಿಸಿ, ಈಗ ಯಾರೂ ಹಾಡುತ್ತಿಲ್ಲವಲ್ಲ.

ರೆಕಾರ್ಡಿಂಗ್ ವೇಳೆಯ ಕರಕರ ಬಫರ್ ಏರಿಸಿದರೂ ಹೋಗದಿದ್ದರೆ ವೈಫೈ ಆಫ್ ಮಾಡಿ, ಯುಎಸ್‌ಬಿ ಹಬ್ ಬಿಟ್ಟು ಇಂಟರ್‌ಫೇಸನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ, ಕೇಬಲ್ ಬದಲಿಸಿ. ಒಂದೊಂದಾಗಿ. ವಿಂಡೋಸ್‌ನಲ್ಲಿ ‘ಲೇಟೆನ್ಸಿಮಾನ್’ ಅನ್ನುವ ಉಚಿತ ಸಾಧನ ಯಾವ ಡ್ರೈವರ್ ಕಂಪ್ಯೂಟರನ್ನು ತಡೆಹಿಡಿಯುತ್ತಿದೆ ಅಂತ ಹೆಸರು ಹೇಳುತ್ತದೆ. ನಮ್ಮ ಕಡೆ ಇನ್ನೊಂದು ಕಾರಣ ಸಿಗುತ್ತದೆ. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು, ಉಳಿತಾಯಕ್ಕಾಗಿ ತನ್ನ ವೇಗ ಇಳಿಸಿಕೊಳ್ಳುತ್ತದೆ. ಚಾರ್ಜರ್ ಇದ್ದಾಗ 128ಕ್ಕೆ ಸರಿ ಓಡುತ್ತಿದ್ದದ್ದು ಆಗ ಕರಕರ ಅನ್ನುತ್ತದೆ. ಪವರ್ ಪ್ಲಾನ್ ಬ್ಯಾಟರಿಯಲ್ಲೂ ಹೈ ಪರ್ಫಾರ್ಮೆನ್ಸ್ ಇಡಿ. ಟಿಪ್ಪಣಿಯಲ್ಲಿ “ಚಾರ್ಜರ್ ಇತ್ತು” ಅಥವಾ “ಇರಲಿಲ್ಲ” ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ, ಮ್ಯಾನ್ಯುಯಲ್ ಬರೆದವರಿಗೆ ನಮ್ಮ ಬೀದಿಯ ಕರೆಂಟ್ ಗೊತ್ತಿಲ್ಲ.

ಗುಂಯ್ ಅನ್ನುವ ದನಿ

ಇದು ಸಾಫ್ಟ್‌ವೇರ್ ವಿಷಯವೇ ಅಲ್ಲ. ನಮ್ಮ ಕರೆಂಟ್ 50 ಹರ್ಟ್ಝ್, ಅದರ ಗುಂಯ್ 50, 100, 150ರಲ್ಲಿ ಕೇಳುತ್ತದೆ. ಚಾರ್ಜರ್ ತೆಗೆಯಿರಿ. ನಿಂತರೆ ಚಾರ್ಜರ್ ಅಥವಾ ಅರ್ಥಿಂಗ್. ಹಳೆಯ ಹಂಚಿನ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಅರ್ಥಿಂಗ್ ವೈರ್ ಕೊಡದೇ ಇರುವುದುಂಟು. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಗುಂಯ್ ಹೋಗಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವುದು ಜೀವಕ್ಕೆ ಅಪಾಯ, ಮಾಡಲೇಬೇಡಿ.

ಹಾಡುವಾಗ ಸರಿ, ರೆಕಾರ್ಡ್ ಆದದ್ದು ತಡ

ಹೆಡ್‌ಫೋನ್‌ನಲ್ಲಿ ಎಲ್ಲ ಹೊಂದಿತ್ತು, ಪ್ಲೇ ಮಾಡಿದರೆ ತಬಲಾ ಲೆಹರಾದ (ತಬಲಾಕ್ಕೆ ಆಧಾರವಾಗಿ ಮತ್ತೆ ಮತ್ತೆ ನುಡಿಸುವ ಧುನ್‌ನ) ಹಿಂದೆ ಬೀಳುತ್ತದೆ. ಸಾಫ್ಟ್‌ವೇರ್ ಈ ತಡವನ್ನು ತಾನೇ ಹೊಂದಿಸಬೇಕು. ಅದಕ್ಕೆ ಡ್ರೈವರ್ ಹೇಳುವ ಸಂಖ್ಯೆಯನ್ನು ನಂಬುತ್ತದೆ. ಡ್ರೈವರ್ ಸರಿಯಾದ ಸಂಖ್ಯೆ ಹೇಳದಿದ್ದರೆ ನಾವೇ ಅಳೆಯಬೇಕು.

ಸ್ಪೀಕರ್ ಪೂರ್ತಿ ಇಳಿಸಿ, ಹೆಡ್‌ಫೋನ್ ತೆಗೆದಿಡಿ. ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ. ಡೈರೆಕ್ಟ್ ಮಾನಿಟರ್, ರೆಕಾರ್ಡ್ ಮಾನಿಟರಿಂಗ್ ಎರಡೂ ಆಫ್ ಇರಲಿ, ಇಲ್ಲದಿದ್ದರೆ ದನಿ ಸುತ್ತುತ್ತಾ ಕೂಗುತ್ತದೆ. ಒಂದು ಟ್ರ್ಯಾಕ್‌ನಲ್ಲಿ ಚೂಪಾದ ಒಂದು ಟಕ್ ದನಿ ಇಟ್ಟು ಪ್ಲೇ ಮಾಡಿ, ಅದನ್ನೇ ಇನ್ನೊಂದು ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಎರಡನ್ನೂ ಝೂಮ್ ಮಾಡಿ ಅಂತರ ಅಳೆಯಿರಿ. 48,000ದಲ್ಲಿ 96 ಸ್ಯಾಂಪಲ್ ಅಂತರ ಅಂದರೆ 2 ಮಿಲಿಸೆಕೆಂಡ್. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಆಡಿಯೋ, ಅದರೊಳಗೆ ರೆಕಾರ್ಡಿಂಗ್ ಪುಟದಲ್ಲಿ ಈ ಅಂತರವನ್ನು ಕೈಯಿಂದ ತುಂಬುವ ಜಾಗ ಇದೆ. ತುಂಬಿ, ಅದೇ ಪರೀಕ್ಷೆ ಮತ್ತೆ ಮಾಡಿ. ಅಂತರ ಸೊನ್ನೆಗೆ ಬಂದರೆ ಪೆನ್‌ನಲ್ಲಿ ಬರೆಯಿರಿ. ದುಪ್ಪಟ್ಟಾದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಇಂಟರ್‌ಫೇಸ್ ಬದಲಾದರೆ ಅಥವಾ ಡ್ರೈವರ್ ಅಪ್‌ಡೇಟ್ ಆದರೆ ಈ ಸಂಖ್ಯೆ ಸುಳ್ಳಾಗುತ್ತದೆ. ಅದಕ್ಕೆ ಪಕ್ಕದಲ್ಲೇ ಡ್ರೈವರ್ ಆವೃತ್ತಿ, ತಾರೀಖು ಇರಲಿ.

ಇಷ್ಟಾದರೂ ಸಿಗದೆ ಯಾರನ್ನಾದರೂ ಕೇಳುವುದಾದರೆ ಆ ಎಡಪುಟದ ಫೋಟೋ ಕಳಿಸಿ. ಸಾಫ್ಟ್‌ವೇರ್ ಆವೃತ್ತಿ, ಡ್ರೈವರ್, ಸ್ಯಾಂಪಲ್ ರೇಟ್, ಬಫರ್, ಏನು ಬದಲಾಯಿಸಿದಾಗ ಏನಾಯಿತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಜೊತೆಗೆ ದೋಷ ಕೇಳಿಸುವ ಒಂದು ತುಣುಕು ಬೇಕು. ವಾಟ್ಸಾಪ್‌ನಲ್ಲಾದರೆ ವಾಯ್ಸ್ ಮೆಸೇಜ್ ಆಗಿ ಬೇಡ, ಮೂಲ ವೇವ್ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಆ ಕಡೆಯವರು ಅದನ್ನು ಝೂಮ್ ಮಾಡಿ, ಅಲೆಯ ತಲೆ ಚಪ್ಪಟೆಯಾಗಿದೆಯೋ ನಡುವೆ ತುಂಡಾಗಿದೆಯೋ ಅಂತ ತಾವೇ ನೋಡಬಹುದು.